ಬೆಳವ ಬೇಟೆ (ಸುರಪುರ–ಶಹಾಪುರ ಸೀಮೆ)

ಬೆಳವ ಬೇಟೆ ಎಂದರೆ ಬೆಳವ, ಬೆಳವಕ್ಕಿ ಅಥವಾ ಚೋರೆಹಕ್ಕಿ ಎಂಬ ಹೆಸರುಗಳಿಂದ ಪರಿಚಿತವಾದ ಕಪೋತ ವರ್ಗದ ಕಾಡುಹಕ್ಕಿಗಳನ್ನು ಬಲೆ, ಉರುಲು, ಅಂಟು, ಕವಣೆ, ಬಂದೂಕು ಮೊದಲಾದ ಸಾಧನಗಳಿಂದ ಹಿಡಿಯುವುದು ಅಥವಾ ಕೊಲ್ಲುವುದು. ಯಾದಗಿರಿ ಜಿಲ್ಲೆಯ ಸುರಪುರ ಮತ್ತು ಶಹಾಪುರ ತಾಲೂಕುಗಳ ಎರೆಭೂಮಿಯಲ್ಲಿ ಈ ಬೇಟೆಗೆ ಹಿಂಗಾರಿ ಜೋಳದ ಸುಗ್ಗಿಯೇ ಕಾಲಸೂಚಕವಾಗಿತ್ತು. ಭಾರತದಲ್ಲಿ 1972ರ ವನ್ಯಜೀವಿ (ಸಂರಕ್ಷಣಾ) ಕಾಯಿದೆಗೆ 1991ರಲ್ಲಿ ಆದ ತಿದ್ದುಪಡಿಯ ನಂತರ ಬೆಳವ ಬೇಟೆಗೆ ಪರವಾನಗಿ ದೊರೆಯುವುದಿಲ್ಲ. ಆದ್ದರಿಂದ ಬೇಟೆಯ ಋತು ಎಂಬುದು ಈಗ ಕಾನೂನಿನಲ್ಲಿ ಇಲ್ಲ. ನಿಸರ್ಗದಲ್ಲಿಯೂ ಅದು ಎಂದಾದರೂ ಇತ್ತೇ ಎಂಬ ಪ್ರಶ್ನೆಯನ್ನು ಈ ಹಕ್ಕಿಗಳ ಸಂತಾನಕ್ರಮ ಎತ್ತುತ್ತದೆ.

ಸೀಮೆ ಮತ್ತು ಹಕ್ಕಿಗಳು

ಕೃಷ್ಣಾ ಮತ್ತು ಭೀಮಾ ನದಿಗಳ ನಡುವಣ ಈ ಸೀಮೆಯಲ್ಲಿ ಒಂದೆಡೆ ಕಪ್ಪು ಎರೆಯ ಬಯಲು, ಇನ್ನೊಂದೆಡೆ ಬಂಡೆಗಲ್ಲಿನ ಗುಡ್ಡಗಳಿವೆ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನ ಆಕೃತಿಗೆ ಹೆಸರಾಗಿದೆ. ಅದೇ ತಾಲೂಕಿನ ಗೋಗಿ ಗ್ರಾಮ ಚಂದಾ ಹುಸೇನಿ ದರ್ಗಾದಿಂದಲೂ ಬಿಜಾಪುರದ ಆದಿಲಶಾಹಿ ಮನೆತನದ ಮೊದಲ ಅರಸರ ಸಮಾಧಿಗಳಿಂದಲೂ ಪ್ರಸಿದ್ಧವಾಗಿದೆ. ಜೋಳ, ಸಜ್ಜೆ, ತೊಗರಿ ಬೆಳೆಯುವ ಬಯಲು, ಬೇಲಿಗುಂಟ ಜಾಲಿಮರ, ಅಲ್ಲಲ್ಲಿ ಕೆರೆ: ಬೆಳವಕ್ಕೆ ಬೇಕಾದ ಕಾಳು, ನೀರು, ಮುಳ್ಳಿನ ಆಸರೆ ಮೂರೂ ಇಲ್ಲಿ ಒಂದೆಡೆ ದೊರೆಯುತ್ತವೆ.

ಈ ಭಾಗದ ಬಯಲಿನಲ್ಲಿ ಕಾಣಸಿಗುವ ಬೆಳವಗಳು ಮುಖ್ಯವಾಗಿ ನಾಲ್ಕು ಬಗೆಯವು. ಎಲ್ಲಕ್ಕಿಂತ ಪರಿಚಿತವಾದುದು ಕಂದು ಬೆಳವ (ಸ್ಪಿಲೋಪೀಲಿಯ ಸೆನೆಗಲೆನ್ಸಿಸ್). ಇದರ ಕೂಗು ಮೆಲ್ಲಗೆ ನಕ್ಕಂತೆ ಕೇಳುತ್ತದೆ. ಮನೆಯ ಜಂತಿಯ ಮೇಲೂ ಗೂಡು ಕಟ್ಟುವಷ್ಟು ಸಲುಗೆಯ ಹಕ್ಕಿ. ಕತ್ತಿನ ಹಿಂಭಾಗದಲ್ಲಿ ಕರಿಯ ಪಟ್ಟೆಯುಳ್ಳ ಬೂದು ಬೆಳವ (ಸ್ಟ್ರೆಪ್ಟೊಪೀಲಿಯ ಡಿಕಾಒಕ್ಟೊ) ಬಯಲಿಗೆ ಒಗ್ಗಿದ ಹಕ್ಕಿ. ಕೆಂಪು ಬೆಳವ ಗಾತ್ರದಲ್ಲಿ ಚಿಕ್ಕದು. ಕತ್ತಿನ ಮೇಲೆ ಬಿಳಿಚುಕ್ಕೆಗಳ ಹರಹುಳ್ಳ ಚುಕ್ಕೆ ಬೆಳವ ತೋಟ ಮತ್ತು ಮರಗಳಿರುವ ತಂಪಾದ ಎಡೆಗಳನ್ನು ಬಯಸುತ್ತದೆ. ದಖನಿ ಉರ್ದುವಿನಲ್ಲಿ ಬೆಳವಕ್ಕೆ ಫಾಖ್ತಾ ಎನ್ನುತ್ತಾರೆ. ಕಂದು ಬೆಳವದ ತೂಕ ಸಾಮಾನ್ಯವಾಗಿ ನೂರು ಗ್ರಾಮಿನ ಆಸುಪಾಸಿನಲ್ಲಿರುತ್ತದೆ. ಗರಿ, ಮೂಳೆ ಕಳೆದರೆ ಉಳಿಯುವ ಮಾಂಸ ಒಂದು ಹಿಡಿಯೂ ಅಲ್ಲ. ಹೊಟ್ಟೆಪಾಡಿಗೆ ಬೇಟೆಯಾಡುವವನು ಒಂದೆರಡು ಹಕ್ಕಿಗೆ ತೃಪ್ತನಾಗದೆ ಹಿಂಡನ್ನೇ ಹಿಡಿಯುವ ಬಲೆಯನ್ನು ನೆಚ್ಚಿದ್ದು ಈ ಕಾರಣದಿಂದಲೇ.

ಹಿನ್ನೆಲೆ

ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತ ಗ್ರಂಥ ‘ಮಾನಸೋಲ್ಲಾಸ’ದಲ್ಲಿ ಅರಸರ ವಿನೋದಗಳ ಸಾಲಿನಲ್ಲಿ ಮೃಗಯಾ ವಿನೋದ, ಡೇಗೆಯಿಂದ ಬೇಟೆಯಾಡಿಸುವ ಶ್ಯೇನ ವಿನೋದ, ಪಾರಿವಾಳಗಳ ಪಾರಾವತ ವಿನೋದ ಇವು ಬೇರೆಬೇರೆಯಾಗಿ ನಿರೂಪಿತವಾಗಿವೆ. ಅರಮನೆಯವರಿಗೆ ವಿನೋದವಾಗಿದ್ದ ಹಕ್ಕಿಬೇಟೆ ಊರಾಚೆಯ ಜನರಿಗೆ ಜೀವನೋಪಾಯವಾಗಿತ್ತು. ಈ ಎರಡು ಬಗೆಯ ಬೇಟೆಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯಲ್ಲ.

ಸುರಪುರ ಸಂಸ್ಥಾನವನ್ನು ಆಳಿದವರು ಬೇಡ ನಾಯಕರು. 1705ರಲ್ಲಿ ಔರಂಗಜೇಬನು ವಾಗಿನಗೇರಾ ಕೋಟೆಯನ್ನು ಮುತ್ತಿದಾಗ ಮೊಗಲ್ ಸೈನ್ಯವನ್ನು ತಡೆದು ನಿಲ್ಲಿಸಿದವರಲ್ಲಿ ಬೇಡರ ಬಂದೂಕುಧಾರಿ ಕಾಲಾಳುಗಳು ಪ್ರಮುಖರು. ಬೇಟೆಯ ಗುರಿಗಾರಿಕೆಯೂ ಯುದ್ಧದ ಗುರಿಗಾರಿಕೆಯೂ ಈ ಸಮುದಾಯದಲ್ಲಿ ಬೇರೆಬೇರೆ ವಿದ್ಯೆಗಳಾಗಿರಲಿಲ್ಲ. ಆಯುಧವನ್ನು ಕಿತ್ತುಕೊಳ್ಳುವುದೆಂದರೆ ಅನ್ನವನ್ನೂ ಮಾನವನ್ನೂ ಕಿತ್ತುಕೊಂಡಂತೆ ಎಂಬುದಕ್ಕೆ ಸುರಪುರದಿಂದ ದೂರದ ಮುಧೋಳ ಸೀಮೆಯ ಹಲಗಲಿಯಲ್ಲಿ 1857ರಲ್ಲಿ ನಡೆದ ಬೇಡರ ದಂಗೆ ಸಾಕ್ಷಿಯಾಗಿದೆ; ನಿಶ್ಶಸ್ತ್ರೀಕರಣದ ಆಜ್ಞೆಯೇ ಅದರ ಕಾರಣ. ಮರುವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕನ ಬಂಡಾಯವೂ ಅಡಗಿಸಲ್ಪಟ್ಟಿತು. 1860ರಲ್ಲಿ ಈ ಸೀಮೆ ಹೈದರಾಬಾದಿನ ನಿಜಾಮನ ಕೈಸೇರಿತು.

ಹಕ್ಕಿ ಹಿಡಿಯುವುದನ್ನೇ ಕಸುಬಾಗಿ ಉಳಿಸಿಕೊಂಡವರಲ್ಲಿ ದಖನಿನಲ್ಲಿ ಸಂಚರಿಸುವ ಹರಣಶಿಕಾರಿ ಮತ್ತು ಪಾರ್ಧಿ ಸಮುದಾಯಗಳು ಮುಖ್ಯವಾದವು. ಫಾಸೆ ಪಾರ್ಧಿ ಎಂಬ ಹೆಸರಿನ ಮೊದಲ ಪದಕ್ಕೆ ಉರುಲು ಎಂದೇ ಅರ್ಥ. ಬ್ರಿಟಿಷ್ ಸರಕಾರ 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಇಂತಹ ಹಲವು ಅಲೆಮಾರಿ ಸಮುದಾಯಗಳಿಗೆ ಹುಟ್ಟಿನಿಂದಲೇ ಕಳ್ಳರೆಂಬ ಹಣೆಪಟ್ಟಿ ಅಂಟಿಸಿತು. ಸ್ವಾತಂತ್ರ್ಯಾನಂತರ 1952ರಲ್ಲಿ ಅದು ರದ್ದಾಯಿತು. ಎರಡು ದಶಕಗಳ ಬಳಿಕ ವನ್ಯಜೀವಿ ಕಾಯಿದೆ ಬಂದು, ಅವರ ಕುಲಕಸುಬು ಮತ್ತೊಂದು ದಾರಿಯಿಂದ ಅಪರಾಧದ ಪಟ್ಟಿಗೆ ಸೇರಿತು. ಹಕ್ಕಿಯ ರಕ್ಷಣೆ ನ್ಯಾಯವೇ. ಆದರೆ ಬಲೆ ಕೆಳಗಿಟ್ಟವನ ಕೈಗೆ ಏನು ಕೊಡಬೇಕೆಂಬ ವಿಚಾರ ಆ ಕಾಯಿದೆಯ ಪುಟಗಳಲ್ಲಿಲ್ಲ.

ಬೇಟೆಯ ಸಿದ್ಧತೆ

ಬೆಳವ ಬೇಟೆಯ ಸಿದ್ಧತೆಯಲ್ಲಿ ಸಲಕರಣೆಗಿಂತ ಕಣ್ಣಿನ ಕೆಲಸವೇ ಹೆಚ್ಚು. ಹಿಂಗಾರಿ ಜೋಳವನ್ನು ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಬಿತ್ತಿ ಫೆಬ್ರವರಿ–ಮಾರ್ಚ್ ವೇಳೆಗೆ ಕೊಯ್ಯುತ್ತಾರೆ. ತೆನೆ ಹಾಲುಗಟ್ಟಿ ಸೀತನಿಯ ಕಾಲ ಬಂದಾಗ ಅಟ್ಟದ ಮೇಲೆ ನಿಂತು ಕವಣೆ ಬೀಸುವ ರೈತನ ಮುಖ್ಯ ವೈರಿ ಬೆಳವವಲ್ಲ, ತೆನೆಗೇ ಎರಗುವ ಗಿಳಿ ಮತ್ತು ಗುಬ್ಬಿ. ಬೆಳವ ಹೆಚ್ಚಾಗಿ ನೆಲದಲ್ಲಿ ಉದುರಿದ ಕಾಳನ್ನು ಹೆಕ್ಕುವ ಹಕ್ಕಿ. ಹಾಗಾಗಿ ಅದು ಹಿಂಡುಗೂಡುವುದು ಕೊಯ್ಲಾದ ಹೊಲದಲ್ಲಿ, ಕಣದ ಅಂಚಿನಲ್ಲಿ, ರಾಶಿ ಮಾಡಿದ ಜಾಗದಲ್ಲಿ. ಬೇಟೆಗಾರನ ಲೆಕ್ಕ ಶುರುವಾಗುವುದೂ ಅಲ್ಲಿಯೇ. ಹಿಂಡು ಬೆಳಗ್ಗೆ ಯಾವ ಹೊಲಕ್ಕೆ ಇಳಿಯುತ್ತದೆ, ಬಿಸಿಲೇರಿದಾಗ ಯಾವ ಮರದ ನೆರಳು ಹಿಡಿಯುತ್ತದೆ, ಸಂಜೆ ಯಾವ ನೀರಿಗೆ ಬಂದು ಎಲ್ಲಿ ತಂಗುತ್ತದೆ ಎಂಬುದನ್ನು ಹಲವು ದಿನ ಸುಮ್ಮನೆ ಕುಳಿತು ನೋಡಬೇಕಾಗಿತ್ತು.

ಒಣಕಾಳು ತಿನ್ನುವ ಬೆಳವಕ್ಕೆ ನೀರು ಅನಿವಾರ್ಯ. ಇತರ ಹೆಚ್ಚಿನ ಹಕ್ಕಿಗಳಂತೆ ಗುಟುಕಿಗೊಮ್ಮೆ ತಲೆ ಎತ್ತದೆ, ಕೊಕ್ಕನ್ನು ನೀರಿನಲ್ಲಿ ಅದ್ದಿ ಒಂದೇ ಸಮನೆ ಹೀರುವುದು ಈ ವರ್ಗದ ವಿಶೇಷ. ಬೇಸಿಗೆಯಲ್ಲಿ ಹಳ್ಳ ಬತ್ತಿ ಒಂದೆರಡು ಗುಂಡಿಗಳಲ್ಲಿ ಮಾತ್ರ ನೀರು ಉಳಿದಾಗ ಹಿಂಡು ಅಲ್ಲಿಗೆ ಬಂದೇ ಬರುತ್ತಿತ್ತು. ಬಲೆಗಾರರು ಇತರ ಗುಂಡಿಗಳಿಗೆ ಮುಳ್ಳು ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟರೆ ಅರ್ಧ ಕೆಲಸ ಮುಗಿದಂತೆ.

ಬಲೆಯ ಕೆಳಗೆ ಕಾಳು ಚೆಲ್ಲುವ ಕ್ರಮವೂ ಪ್ರಾಚೀನವಾದುದು. ಪಂಚತಂತ್ರದ ಕಪೋತರಾಜ ಚಿತ್ರಗ್ರೀವನ ಕಥೆಯಲ್ಲಿ ಬೇಡ ಮಾಡಿದ್ದು ಇದನ್ನೇ. ಹಕ್ಕಿಗಳು ಒಗ್ಗೂಡಿ ಬಲೆಯನ್ನೇ ಎತ್ತಿಕೊಂಡು ಹಾರಿದ್ದು ಕಥೆ. ಕಾಳು ಚೆಲ್ಲಿ ಬಲೆ ಒಡ್ಡಿದ್ದು ಮಾತ್ರ ಕಂಡುಬರೆದ ವಿವರ. ಕುದುರೆಯ ಬಾಲದ ಕೂದಲನ್ನು ಹೊಸೆದು ಸಾಲುಸಾಲಾಗಿ ಕಡ್ಡಿಗೆ ಕಟ್ಟಿದ ಉರುಲುಗಳು, ಆಲದ ಜಾತಿಯ ಮರಗಳ ಹಾಲನ್ನು ಎಣ್ಣೆಯೊಡನೆ ಕಾಯಿಸಿ ಕೊಂಬೆಗೆ ಸವರುವ ಅಂಟು ಇವು ಉಳಿದ ಸಾಧನಗಳು. ಪಳಗಿಸಿದ ಹಕ್ಕಿಯ ಕೂಗಿನಿಂದ ಕಾಡುಹಕ್ಕಿಯನ್ನು ಸೆಳೆಯುವ ಪದ್ಧತಿ ಕೌಜುಗದ ಬೇಟೆಯಲ್ಲಿ ಹೆಚ್ಚು. ಹೀಗೆ ಒಡ್ಡುವ ಪಳಗಿದ ಪ್ರಾಣಿಗೆ ಹಳಗನ್ನಡದಲ್ಲಿ ದೀವ ಎಂಬ ಹೆಸರಿದೆ. ಅಡಗಿದ ಪ್ರಾಣಿಗಳನ್ನು ಸದ್ದುಮಾಡಿ ಬಲೆಯತ್ತ ಅಟ್ಟುವುದಕ್ಕೆ ಸೋಹು ಎನ್ನುತ್ತಿದ್ದರು. ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಬೇಟೆಯ ಪ್ರಸಂಗವನ್ನು ಓದಿದವರಿಗೆ ಆ ಕಾಲದ ಬೇಟೆಯ ಪದಸಂಪತ್ತಿನ ಪರಿಚಯವಿರುತ್ತದೆ. ಕಸುಬು ಮರೆಯಾದಂತೆ ಈ ಪದಗಳೂ ನಿಘಂಟಿಗೆ ಸರಿದಿವೆ.

ಬಂದೂಕಿನ ಬೇಟೆ ತಡವಾಗಿ ಬಂದದ್ದು. ತೋಟಾ ಮತ್ತು ಛರ್ರಾಗಳ ವೆಚ್ಚಕ್ಕೆ ಹೋಲಿಸಿದರೆ ಬೆಳವದ ಮಾಂಸ ತೀರ ಅಲ್ಪವಾದ್ದರಿಂದ ಅದು ಉಳ್ಳವರ ಹವ್ಯಾಸವಾಗಿಯೇ ಉಳಿಯಿತು.

ಬೇಟೆಯ ಋತು ಮತ್ತು ಸಂತಾನಕ್ರಮ

ಬೇಟೆಗೆ ಋತು ಗೊತ್ತುಮಾಡುವುದರ ತತ್ತ್ವ ಸರಳವಾಗಿದೆ: ಹಕ್ಕಿ ಮರಿ ಮಾಡುವ ತಿಂಗಳುಗಳಲ್ಲಿ ಕೈ ತಡೆಯುವುದು, ಮರಿಗಳು ಹಾರಿದ ಮೇಲೆ ಬೇಟೆಗೆ ಬಿಡುವುದು. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮೌರ್ನಿಂಗ್ ಡವ್ ಎಂಬ ವಲಸೆ ಬೆಳವದ ಬೇಟೆ ಹಲವು ರಾಜ್ಯಗಳಲ್ಲಿ ಸೆಪ್ಟೆಂಬರ್ 1ರಂದು ಆರಂಭವಾಗುತ್ತದೆ. ಅದರ ಸಂತಾನಕಾಲ ಮುಖ್ಯವಾಗಿ ವಸಂತ ಮತ್ತು ಬೇಸಿಗೆ. ಅಲ್ಲಿಯೂ ಕಾಳಿನ ಆಮಿಷ ಒಡ್ಡಿ ಹೊಡೆಯುವುದು ಅಪರಾಧ. ಯುರೋಪಿನ ವಲಸೆ ಬೆಳವದ (ಸ್ಟ್ರೆಪ್ಟೊಪೀಲಿಯ ಟರ್ಟರ್) ಸಂಖ್ಯೆ ಕುಸಿದಾಗ ಫ್ರಾನ್ಸ್ ಮತ್ತು ಸ್ಪೇನ್ ದೇಶಗಳು 2021ರಲ್ಲಿ ಅದರ ಬೇಟೆಯನ್ನು ತಡೆಹಿಡಿದವು.

ಇದೇ ತತ್ತ್ವವನ್ನು ಎರೆಸೀಮೆಯ ಬೆಳವಕ್ಕೆ ಅನ್ವಯಿಸಲು ಹೋದರೆ ತೊಡಕು ಎದುರಾಗುತ್ತದೆ. ಕಂದು ಬೆಳವ ಇಲ್ಲಿಯ ಸ್ಥಿರವಾಸಿ. ಆಹಾರ, ನೀರು ಅನುಕೂಲವಾಗಿದ್ದರೆ ಅದು ವರ್ಷದ ಹೆಚ್ಚುಕಡಿಮೆ ಎಲ್ಲ ತಿಂಗಳುಗಳಲ್ಲಿಯೂ ಮೊಟ್ಟೆಯಿಡುತ್ತದೆ. ನಾಲ್ಕು ಕಡ್ಡಿಗಳನ್ನು ಅಡ್ಡಾದಿಡ್ಡಿಯಾಗಿ ಇಟ್ಟಂತಹ ಗೂಡು, ಅದರಲ್ಲಿ ಸಾಮಾನ್ಯವಾಗಿ ಎರಡು ಬಿಳಿಯ ಮೊಟ್ಟೆ. ಸುಮಾರು ಎರಡು ವಾರ ಕಾವು, ಇನ್ನೆರಡು ವಾರ ಗೂಡಿನಲ್ಲಿ ಮರಿಗಳ ಸಾಕಣೆ. ಗಂಡು ಹೆಣ್ಣುಗಳೆರಡೂ ಸರದಿಯಂತೆ ಕಾವು ಕೊಡುತ್ತವೆ; ಮೊದಲ ದಿನಗಳಲ್ಲಿ ಎರಡೂ ತಮ್ಮ ಗಂಟಲಚೀಲದಲ್ಲಿ ಸ್ರವಿಸುವ ಹಾಲಿನಂತಹ ಗಟ್ಟಿದ್ರವವನ್ನು ಮರಿಗಳ ಬಾಯಿಗೆ ಉಣಿಸುತ್ತವೆ. ಬೇರೆ ಹಕ್ಕಿಗಳ ಮರಿಗೆ ಹುಳ ತಂದು ಕೊಟ್ಟರೂ ಸಾಗುತ್ತದೆ. ಬೆಳವದ ಎಳೆಮರಿ ಬದುಕುವುದು ತಂದೆತಾಯಿಯ ಮೈಯೊಳಗಿನ ಈ ಹಾಲಿನಿಂದ ಮಾತ್ರ.

ಹೀಗಿರುವಾಗ ಸುಗ್ಗಿಯ ಕಾಲದಲ್ಲಿ ಬಲೆಗೆ ಬಿದ್ದ ಹಿಂಡಿನಲ್ಲಿ ಎಷ್ಟು ಹಕ್ಕಿಗಳಿಗೆ ಗೂಡಿನಲ್ಲಿ ಮರಿಗಳಿವೆ ಎಂದು ಹೊರಗಿನಿಂದ ತಿಳಿಯಲಾಗದು. ನೋಟಕ್ಕೆ ಗಂಡೂ ಹೆಣ್ಣೂ ಬಹುಮಟ್ಟಿಗೆ ಒಂದೇ. ಜೋಳದ ಸುಗ್ಗಿ ಮನುಷ್ಯನಿಗೆ ಅನುಕೂಲವಾದ ಋತುವಾಗಿತ್ತೇ ಹೊರತು ಹಕ್ಕಿಗೆ ಬಿಡುವಿನ ಋತುವಾಗಿರಲಿಲ್ಲ. ಬೇಡನ ಬಾಣಕ್ಕೆ ಸಿಕ್ಕ ಜೋಡಿಹಕ್ಕಿಯಲ್ಲಿ ಒಂದು ಉರುಳಿದ್ದನ್ನು ಕಂಡು ಆದಿಕವಿಯ ಶೋಕ ಶ್ಲೋಕವಾಯಿತೆಂಬ ಕಥೆ ಎಲ್ಲರಿಗೂ ತಿಳಿದದ್ದೇ. ಸುರಪುರದ ಬೇಡ ಸಮುದಾಯ ಇಂದು ತನ್ನ ಮೂಲಪುರುಷನೆಂದು ಗೌರವಿಸುವುದು ಅದೇ ವಾಲ್ಮೀಕಿಯನ್ನು.

ಕಾನೂನು

ಬ್ರಿಟಿಷ್ ಭಾರತದಲ್ಲಿ 1912ರ ಕಾಡುಹಕ್ಕಿ ಮತ್ತು ಪ್ರಾಣಿಗಳ ಸಂರಕ್ಷಣಾ ಕಾಯಿದೆ ಕೆಲವು ಹಕ್ಕಿಗಳಿಗೆ ಬೇಟೆನಿಷಿದ್ಧ ಕಾಲವನ್ನು ಗೊತ್ತುಪಡಿಸುವ ಅಧಿಕಾರವನ್ನು ಸರಕಾರಗಳಿಗೆ ನೀಡಿತ್ತು. ಸುರಪುರ ಸೀಮೆ ನಿಜಾಮ ಸಂಸ್ಥಾನದಲ್ಲಿದ್ದುದರಿಂದ ಅದು ಇಲ್ಲಿಗೆ ನೇರವಾಗಿ ಅನ್ವಯಿಸಲಿಲ್ಲ. 1972ರ ಕಾಯಿದೆಯ ಮೂಲರೂಪದಲ್ಲಿ ಬೆಳವಗಳು ನಾಲ್ಕನೆಯ ಅನುಸೂಚಿಯಲ್ಲಿದ್ದು, ಪರವಾನಗಿ ಪಡೆದು ಬೇಟೆಯಾಡಲು ಅವಕಾಶವಿತ್ತು. 1991ರ ತಿದ್ದುಪಡಿ ಆ ಅವಕಾಶವನ್ನು ತೆಗೆದುಹಾಕಿತು. 2022ರ ತಿದ್ದುಪಡಿಯಲ್ಲಿ ಅನುಸೂಚಿಗಳನ್ನು ಪುನರ್‌ರಚಿಸಲಾಗಿ ಬೆಳವಗಳು ಎರಡನೆಯ ಅನುಸೂಚಿಗೆ ಬಂದವು. ಈ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ.

ಕಾಯಿದೆಯ ದೃಷ್ಟಿಯಲ್ಲಿ ಬೇಟೆ ಎಂಬ ಪದದ ವ್ಯಾಪ್ತಿ ಜನಬಳಕೆಯ ಅರ್ಥಕ್ಕಿಂತ ವಿಶಾಲವಾಗಿದೆ. ಕೊಲ್ಲುವುದಷ್ಟೇ ಅಲ್ಲ, ವಿಷವಿಕ್ಕುವುದು, ಹಿಡಿಯುವುದು, ಉರುಲು ಅಥವಾ ಬಲೆ ಒಡ್ಡುವುದು, ಸೋಹುವುದು, ಆಮಿಷ ಹಾಕುವುದು ಮತ್ತು ಇವುಗಳ ಪ್ರತಿಯೊಂದು ಪ್ರಯತ್ನವೂ ಬೇಟೆಯೇ. ಮೊಟ್ಟೆಗೆ ಹಾನಿ ಮಾಡುವುದು, ಗೂಡನ್ನು ಕೆದಕುವುದೂ ಅದರಲ್ಲಿ ಸೇರಿದೆ. ಎಂದರೆ ಹಿಂದೆ ಬೇಟೆಯ ಸಿದ್ಧತೆ ಎನಿಸಿದ್ದ ಕಾಳು ಚೆಲ್ಲುವ, ಬಲೆ ಒಡ್ಡುವ ಕೆಲಸ ಇಂದು ಹಕ್ಕಿ ಸಿಗದಿದ್ದರೂ ಅಪರಾಧವಾಗುತ್ತದೆ. ಇದಕ್ಕೆ ಮೂರು ವರ್ಷಗಳವರೆಗೆ ಸೆರೆವಾಸ, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದು. ಕೃತ್ಯಕ್ಕೆ ಬಳಸಿದ ಬಲೆ, ಆಯುಧ, ವಾಹನಗಳನ್ನು ವಶಪಡಿಸಿಕೊಳ್ಳಲಾಗುತ್ತದೆ. ಉತ್ತರ ಕರ್ನಾಟಕದ ಹಲವು ಊರುಗಳಲ್ಲಿ ಯುಗಾದಿಯ ಆಸುಪಾಸಿನಲ್ಲಿ ಮೊಲದ ಬೇಟೆಗೆ ಹೊರಡುವ ರೂಢಿಯಿದೆ. ಹಬ್ಬದ ಸಂಪ್ರದಾಯ ಎಂಬ ಕಾರಣಕ್ಕೆ ಕಾಯಿದೆಯಲ್ಲಿ ವಿನಾಯಿತಿಯಿಲ್ಲ.

ಇಂದಿನ ಸ್ಥಿತಿ

ನಾರಾಯಣಪುರದ ಬಸವಸಾಗರ ಜಲಾಶಯದ ಎಡದಂಡೆ ಕಾಲುವೆಯಿಂದ 1980ರ ದಶಕದ ನಂತರ ಈ ಸೀಮೆಯ ಬೇಸಾಯ ಬದಲಾಯಿತು. ಜೋಳದ ಹೊಲಗಳು ಅನೇಕ ಕಡೆ ಭತ್ತ ಮತ್ತು ಹತ್ತಿಗೆ ಎಡೆಗೊಟ್ಟಿವೆ. ಕಾಲುವೆಯ ನೀರು ಹರಿಯುವೆಡೆ ಬೇಸಿಗೆಯ ಒಂಟಿ ನೀರುಗುಂಡಿಗೆ ಹಿಂಡು ಬಂದು ಸೇರುವ ಒತ್ತಡವಿಲ್ಲವಾದ್ದರಿಂದ ಹಳೆಯ ಬಲೆಬೇಟೆಯ ಲೆಕ್ಕಾಚಾರವೂ ಅಲ್ಲಿ ನಡೆಯದು. ಭತ್ತದ ಗದ್ದೆಯ ಉದುರುಕಾಳು ಬೆಳವಕ್ಕೆ ಒದಗುತ್ತದೆ. ಹತ್ತಿಯ ಹೊಲದಲ್ಲಿ ಅದಕ್ಕೆ ಹೆಕ್ಕಲು ಹೆಚ್ಚೇನೂ ಇಲ್ಲ.

ಮೇಲಿನ ನಾಲ್ಕು ಬೆಳವಗಳೂ ಸದ್ಯ ಅಳಿವಿನ ಅಪಾಯದಲ್ಲಿರುವವಲ್ಲ. ಹೇರಳವಾಗಿರುವುದೊಂದೇ ಹಕ್ಕಿಗೆ ರಕ್ಷೆಯಲ್ಲ ಎಂಬುದಕ್ಕೆ ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳ ಉದಾಹರಣೆಯಾಗಿದೆ: ಆಕಾಶ ಮುಚ್ಚುವಷ್ಟು ಹಿಂಡುಗಳಿದ್ದ ಆ ಜಾತಿಯ ಕೊನೆಯ ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಸುರಪುರ ತಾಲೂಕಿನ ಬೋನಾಳ ಕೆರೆ ಪಕ್ಷಿಧಾಮವಾಗಿ ಹೆಸರಾಗಿದೆ. ಅಲ್ಲಿಗೆ ಬರುವವರ ಗಮನ ಸಹಜವಾಗಿ ನೀರುಹಕ್ಕಿಗಳ ಮೇಲಿರುತ್ತದೆ. ದಂಡೆಯ ಜಾಲಿಯಲ್ಲಿ ಕೂತ ಬೆಳವವನ್ನು ಎಣಿಸುವವರು ಕಡಿಮೆ. ಬಿತ್ತಿದ ಬೀಜವನ್ನು ಬೆಳವ ಹೆಕ್ಕುವ ತೊಂದರೆಗೆ ಬೀಜವನ್ನು ಮಣ್ಣಿನಲ್ಲಿ ಸರಿಯಾಗಿ ಮುಚ್ಚುವುದು, ಡಬ್ಬಿ ಬಡಿದು ಸದ್ದು ಮಾಡುವುದು, ಹೊಳೆಯುವ ಪಟ್ಟಿಗಳನ್ನು ಕಟ್ಟುವುದು ಇವು ಬಳಕೆಯಲ್ಲಿರುವ ನಿರಪಾಯ ಉಪಾಯಗಳು. ಈ ಸೀಮೆಯಲ್ಲಿ ಎಳ್ಳಮಾವಾಸ್ಯೆಯಂದು ಹೊಲಕ್ಕೆ ಹೋಗಿ ಪೂಜೆ ಮಾಡಿ ಚರಗ ಚೆಲ್ಲುವ ಪದ್ಧತಿ ಈಗಲೂ ನಡೆದಿದೆ. ಭೂಮಿತಾಯಿಗೆಂದು ಚೆಲ್ಲಿದ ಆ ಅನ್ನವನ್ನು ಮರುದಿನ ಬೆಳಗ್ಗೆ ಹೆಕ್ಕುವ ಹಕ್ಕಿಗಳಲ್ಲಿ ಬೆಳವವೂ ಇರುತ್ತದೆ.