ಕೂಸಿನ ಅರಿವಿ ಮ್ಯಾಲಿನ ಬಣ್ಣ

ನಮ್ಮವ್ವ ಬಾಣಂತನ ಮಾಡುವಾಗ ಮುಂಜಾನೆ ಎದ್ದ ಕೂಡ್ಲೇ ಮೊದಲು ನೋಡ್ತಿದ್ದದ್ದು ಕೂಸಿನ ಮಾರಿ ಅಲ್ಲ, ಅರಿವಿ. "ಇವತ್ತ ಹೆಂಗ ಹೋಗೇತಿ?" ಅಂತ ಕೇಳೂವಾಕಿ. ನಾವು ಹುಡುಗ್ಯಾರು ಮೂಗು ಮುಚ್ಚಿಕೊಂಡು ನಗತಿದ್ವಿ. ಈಗ ಮೊಮ್ಮಗಳ ಡೈಪರ್ ಬಿಚ್ಚುವಾಗ ನಾನೂ ಅದನ್ನೇ ಮಾಡ್ತೀನಿ.

ಹುಟ್ಟಿದ ಕೂಸು ಮೊದಲ ಎರಡು ದಿನ ಡಾಂಬರಿನಂಗ ಕರ್ರಗ, ಅಂಟಂಟಾಗಿ ಹೋಗ್ತೈತಿ. ಇದಕ್ಕ ಡಾಕ್ಟರು ಮೆಕೋನಿಯಂ ಅಂತಾರ. ಗ್ರೀಕರ ಗಸಗಸಿ ಗಿಡದ ಹೆಸರಿನಿಂದ ಬಂದ ಮಾತು ಅದು. ಅರಿಸ್ಟಾಟಲನ ಹೆಸರಿನ ಪ್ರಾಣಿಶಾಸ್ತ್ರದ ಪುಸ್ತಕದಾಗ, ಹೆಣ್ಣುಮಕ್ಕಳು ಇದನ್ನ ಹಿಂಗ ಕರೀತಾರ ಅಂತ ಬರದೈತಿ. ಅಂದ್ರ ಈ ಹೆಸರು ಇಟ್ಟವರು ಅರಿವಿ ಒಗೀತಿದ್ದ ನಮ್ಮಂಥವರೇ!

ಮೂರು-ನಾಲ್ಕನೇ ದಿನಕ್ಕ ಬಣ್ಣ ಹಸರಾಗ್ತೈತಿ. ಎದಿಹಾಲು ಹತ್ತಿದ ಮ್ಯಾಲ ಅರಿಶಿಣದಂಗ ಹಳದಿ, ತೆಳ್ಳಗ, ನಡು ನಡು ಸಾಸಿವಿಕಾಳಿನಂಥ ಕಣ. ಕುಡಿದಾಗೊಮ್ಮೆ ಹೋದ್ರೂ ಅದು ಭೇದಿ ಅಲ್ಲ. ತಿಂಗಳು ಕಳೆದ ಮ್ಯಾಲ ಬರೇ ಎದಿಹಾಲು ಕುಡ್ಯೂ ಕೂಸು ನಾಲ್ಕು ದಿನಕ್ಕೊಮ್ಮೆ ಮೆತ್ತಗ ಹೋದ್ರೂ ಗಾಬರಿ ಬ್ಯಾಡ. ಆದರ ಸುಣ್ಣದಂಗ, ಬೂದಿಯಂಗ ಬೆಳ್ಳಗ ಹೋದ್ರ ಮಾತ್ರ ಸುಮ್ಮನ ಕೂಡಬಾರದು. ಹಳದಿ, ಹಸರು ಬಣ್ಣ ಬರೂದು ಪಿತ್ತರಸದಿಂದ. ಪಿತ್ತದ ನಳಿಗಿ ಮುಚ್ಚಿದ್ರ ಅದು ಕರುಳಿಗೆ ಇಳಿಯೂದಿಲ್ಲ, ಯಕೃತ್ತಿನೊಳಗ ನಿಂತು ಅದನ್ನೇ ಕೆಡಿಸ್ತೈತಿ.

ನಮ್ಮ ಬಳಗದಾಗ ಹಿಂಗಾತು. ಬಾಣಂತಿ ತಾನೇ ಹೇಳಿದ್ಲು, "ಬೆಳ್ಳಗ ಹೋಗ್ತೈತಿ ನೋಡ್ರಿ" ಅಂತ. ನಾವು ಹಿರ್ಯಾರು, "ಹಾಲು ಕುಡ್ಯೂ ಕೂಸು, ಬೆಳ್ಳಗ ಹೋಗಲಾರದ ಮತ್ತೇನ?" ಅಂದ್ವಿ. ಕಣ್ಣು ಹಳದಿ ಇದ್ದದ್ದಕ್ಕ ಎಳಿ ಬಿಸಲಿಗೆ ಹಿಡದ್ವಿ. ಕೂಸು ಮೈಕೈ ತುಂಬಿಕೊಂಡು ಚಂದ ಆಡತಿತ್ತು. ದವಾಖಾನಿಗೆ ಹೋಗೂದ್ರಾಗ ನಾಲ್ಕು ತಿಂಗಳಾಗಿತ್ತು. ವರ್ಷ ತುಂಬಲಿಲ್ಲ.

ಆ ಕೂಸಿಗೆ ಮದ್ದಿರಲಿಲ್ಲ ಅಂತಲ್ಲ. ಜಪಾನಿನ ಮೊರಿಯೊ ಕಸಾಯಿ ಅನ್ನೂ ಸರ್ಜನ್ 1950ರ ದಶಕದಾಗೇ ಕರುಳನ್ನ ಯಕೃತ್ತಿಗೆ ಜೋಡಿಸಿ ಪಿತ್ತಕ್ಕ ದಾರಿ ಮಾಡೂ ಆಪರೇಷನ್ ಕಂಡುಹಿಡಿದಿದ್ರು. ಆದರ ಅದು 60 ದಿನದೊಳಗ ಆದ್ರ ಛಲೋ, ತಡಾ ಆದಂಗ ಫಲ ಕಡಿಮಿ. ಅಷ್ಟು ಬೇಗ ಗುರುತು ಹಿಡ್ಯೂದು ಹೆಂಗ? 1994ರಾಗ ಜಪಾನಿನ ತೊಚಿಗಿ ಪ್ರಾಂತ್ಯದಾಗ ಡಾಕ್ಟರ್ ಮಾತ್ಸುಯಿ ಒಂದು ಬಣ್ಣದ ಕಾರ್ಡು ಮಾಡಿ ತಾಯಂದಿರ ಕೈಯಾಗ ಕೊಟ್ರು. ಕೂಸಿನ ಮಲ ಯಾವ ಚಿತ್ರಕ್ಕ ಹೊಂದತೈತಿ ಅಂತ ಆಕೀನ ನೋಡಿ ತಿಳಿಸಬೇಕು. ತೈವಾನ್ 2004ರಾಗ ಇದನ್ನ ದೇಶಕ್ಕೆಲ್ಲ ತಂತು, ಅಲ್ಲಿ 60 ದಿನದೊಳಗ ಆಪರೇಷನ್ ಆಗೂ ಕೂಸುಗಳು ಹೆಚ್ಚಾದ್ವು. 2012ರಿಂದ ಜಪಾನಿನಾಗ ಪ್ರತಿ ತಾಯಿಯ ಪುಸ್ತಕದಾಗೂ ಈ ಕಾರ್ಡು ಇರ್ತೈತಿ.

ನೋಡ್ರಿ, ಮಶೀನಲ್ಲ, ರಕ್ತಪರೀಕ್ಷೆನೂ ಅಲ್ಲ. ತಾಯಿ ಕಣ್ಣಿಗೆ ಬಿದ್ದದ್ದನ್ನ ನಂಬಿದ್ರು, ಅಷ್ಟ. ನಾವು ನಂಬಲಿಲ್ಲ.

ಅದಕ್ಕ ಡೈಪರ್ ಸುತ್ತಿ ಒಗಿಯೂ ಮುಂಚೆ ಬೆಳಕಿನಾಗ ಒಮ್ಮೆ ನೋಡ್ರಿ. ಬೆಳ್ಳಗ ಕಂಡ್ರ, ರಕ್ತ ಕಂಡ್ರ, ಎರಡು ವಾರ ದಾಟಿದ್ರೂ ಕಾಮಾಲಿ ಇಳೀಲಿಲ್ಲಂದ್ರ ಅವತ್ತೇ ಡಾಕ್ಟರಿಗೆ ತೋರಸ್ರಿ. ಬಾಣಂತಿ ಏನಾರ ಹೇಳಿದ್ರ, ಹಿರ್ಯಾರು ನಾವು ಬಾಯಿ ಮುಚ್ಚಿಕೊಂಡು ಮೊದಲು ಅರಿವಿ ನೋಡೂಣು.