ಮಿಂಚಿನ ಓಟವೂ ಪ್ರೇಕ್ಷಕನ ಪಕ್ಷಪಾತವೂ

ಕಳವು ಪಾತಕವೆಂದು ಚೆನ್ನಾಗಿ ಬಲ್ಲ ಜನರೇ, ರಂಗದಲ್ಲಿ ಕಳ್ಳನೊಬ್ಬನು ಕೈಚಳಕವನ್ನು ತೋರಿ ಪಾರಾಗುವಾಗ ಚಪ್ಪಾಳೆ ತಟ್ಟುವುದೇಕೆ? ಈ ಪ್ರಶ್ನೆಯು ಧರ್ಮಶಾಸ್ತ್ರಕ್ಕೆ ಸೇರಿದುದೋ ಸಾಹಿತ್ಯಶಾಸ್ತ್ರಕ್ಕೆ ಸೇರಿದುದೋ ಎಂದು ನಾನು ಬಹುಕಾಲ ಸಂದೇಹಪಟ್ಟಿದ್ದೆನು. ಮೋಟಾರು ಕಾರುಗಳನ್ನು ಅಪಹರಿಸಿಕೊಂಡು ವೇಗವಾಗಿ ಓಡುವವರ ಚಲಚ್ಚಿತ್ರಗಳಿಂದ ಬಾಲಕರ ನಡತೆ ಕೆಡುವುದೆಂದು ಹಿರಿಯರು ಆಕ್ಷೇಪಿಸುವುದುಂಟು. ಆಕ್ಷೇಪವನ್ನು ಒಪ್ಪುವುದಕ್ಕೆ ಅಥವಾ ತಳ್ಳಿಹಾಕುವುದಕ್ಕೆ ಮೊದಲು ನಮ್ಮ ನಾಡಿನ ಪೂರ್ವಕಥೆಯನ್ನು ಸ್ವಲ್ಪ ವಿಚಾರಿಸುವುದು ಉಚಿತವೆಂದು ತೋರಿ ಈ ಲೇಖನವನ್ನು ಬರೆದಿದ್ದೇನೆ.

ಪ್ರಕೃತಕ್ಕೆ ಕನ್ನಡದಲ್ಲಿ ಮುಖ್ಯವಾದ ನಿದರ್ಶನವು 1980ರಲ್ಲಿ ತೆರೆಕಂಡ ‘ಮಿಂಚಿನ ಓಟ’. ನಾಟಕರಂಗದಲ್ಲಿ ಪಳಗಿದ ಶಂಕರನಾಗರು ನಿರ್ದೇಶಿಸಿದ ಮೊದಲನೆಯ ಚಿತ್ರವಿದು. ಅವರೂ ಅವರ ಅಣ್ಣಂದಿರಾದ ಅನಂತನಾಗರೂ ಲೋಕನಾಥರೂ ಇದರಲ್ಲಿ ಅಭಿನಯಿಸಿದ್ದಾರೆ. ಕಾರುಗಳ್ಳರ ಕಳವು, ಅವರು ಸಿಕ್ಕಿಬಿದ್ದು ಸೆರೆಮನೆಗೆ ಸೇರುವುದು, ಅಲ್ಲಿಂದ ತಪ್ಪಿಸಿಕೊಳ್ಳುವ ಹವಣಿಕೆ, ಇವಿಷ್ಟೇ ಇದರ ವಸ್ತು. 1979-80ನೆಯ ಸಾಲಿನ ರಾಜ್ಯಪ್ರಶಸ್ತಿಗಳಲ್ಲಿ ಮೊದಲನೆಯ ಅತ್ಯುತ್ತಮ ಚಿತ್ರವೆಂಬ ಗೌರವವು ಇದಕ್ಕೂ, ಶ್ರೇಷ್ಠ ನಟರೆಂಬ ಗೌರವವು ಅನಂತನಾಗರಿಗೂ ಸಂದವು. ಕಳ್ಳರನ್ನು ಸೆರೆಗೆ ಹಾಕುವ ಸರ್ಕಾರವೇ ಕಳ್ಳರ ಕಥೆಗೆ ಬಹುಮಾನವನ್ನಿತ್ತಿತು. ಇದರಲ್ಲಿ ವಿರೋಧವೇನೂ ಇಲ್ಲವೆಂಬುದು ಮುಂದೆ ತಿಳಿದೀತು.

ನಾನು ವಾಸವಾಗಿರುವ ಯಡಿಯೂರಿನಲ್ಲಿ, ಕೆರೆಯ ಸಮೀಪದಲ್ಲಿ ಆಟೋರಿಕ್ಷಾಗಳು ನಿಲ್ಲುವ ಎಡೆಯೊಂದುಂಟು. ಅಲ್ಲಿನ ವಾಹನಗಳ ಹಿಂಬದಿಯಲ್ಲಿ ಶಂಕರನಾಗರ ಚಿತ್ರಗಳನ್ನು ಕಂಡಿದ್ದೇನೆ. ಇದೇನೂ ಯಡಿಯೂರಿನ ವಿಶೇಷವಲ್ಲ, ಬೆಂಗಳೂರಿನ ಯಾವ ಬೀದಿಯಲ್ಲಿಯೂ ಕಾಣತಕ್ಕದ್ದು. 1980ರಲ್ಲಿಯೇ ಬಂದ ‘ಆಟೋ ರಾಜ’ದಲ್ಲಿ ಅವರು ಆಟೋ ಚಾಲಕನ ಪಾತ್ರವನ್ನು ವಹಿಸಿದುದು ಇದಕ್ಕೆ ಕಾರಣ. ಒಮ್ಮೆ ಇಲ್ಲಿಂದ ಚಾಮರಾಜಪೇಟೆಗೆ ಹೋಗುವಾಗ, ಐವತ್ತು ದಾಟಿದ್ದ ಚಾಲಕನೊಬ್ಬನೊಡನೆ ‘ಮಿಂಚಿನ ಓಟ’ದ ಮಾತನ್ನು ತೆಗೆದೆನು. ಆತನು ಚಿತ್ರವನ್ನು ಮೂರು ಬಾರಿ ನೋಡಿದ್ದನಂತೆ. “ಗಾಡಿಯನ್ನೇ ನಂಬಿ ಬದುಕುವವನು ನೀನು. ಗಾಡಿ ಕದಿಯುವವರನ್ನು ಮೆಚ್ಚಬಹುದೇನಪ್ಪ?” ಎಂದು ಕೇಳಿದೆನು. “ಅವ್ರು ಕದ್ದಿದ್ದು ಕಾರು ಸ್ವಾಮಿ, ಆಟೋ ಅಲ್ಲ,” ಎಂದನು. ಆಟೋವನ್ನೇ ಕದ್ದಿದ್ದರೆ? “ಕಾಲು ಮುರೀತಿದ್ದೆ.”

ಈ ಉತ್ತರವನ್ನು ನಗೆಯಾಡಿ ಬಿಡಬಾರದೆಂದು ನನ್ನ ಎಣಿಕೆ. ಆ ಚಿತ್ರವು ಬಂದಾಗ ನಮ್ಮ ರಸ್ತೆಗಳಲ್ಲಿ ಓಡುತ್ತಿದ್ದುದು ಹೆಚ್ಚಾಗಿ ಅಂಬಾಸಡರ್ ಮತ್ತು ಫಿಯಟ್ ಎಂದೇ ಜನರು ಕರೆಯುತ್ತಿದ್ದ ಪ್ರೀಮಿಯರ್ ಪದ್ಮಿನಿ, ಈ ಎರಡೇ ಜಾತಿಯ ಕಾರುಗಳು. ಹಣವಿದ್ದವರೂ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯಬೇಕಾಗಿದ್ದಿತು. ಮಾರುತಿ ಕಾರು ರಸ್ತೆಗೆ ಬಂದುದು 1983ರ ಡಿಸೆಂಬರಿನಲ್ಲಿ. ಆದುದರಿಂದ ಸೈಕಲ್ಲಿನಲ್ಲಿಯೋ ಬಸ್ಸಿನಲ್ಲಿಯೋ ಚಿತ್ರಮಂದಿರಕ್ಕೆ ಬಂದ ಪ್ರೇಕ್ಷಕನಿಗೆ ಕಾರೆಂಬುದು ಪರಸ್ವತ್ತು, ಅದರಲ್ಲಿಯೂ ತಾನೆಂದಿಗೂ ಪಡೆಯಲಾರದ ಸ್ವತ್ತು.

ಸ್ವಂತ ಸೊತ್ತು ಕಳವಾದಾಗ ಕನ್ನಡಿಗರು ಯಾರ ಪಕ್ಷವನ್ನು ವಹಿಸಿದರೆಂಬುದಕ್ಕೆ ಕಲ್ಲುಗಳೇ ಸಾಕ್ಷಿ. ತುರುಗೊಳ್ ಎಂದರೆ ದನಗಳ ಹಿಂಡನ್ನು ಅಪಹರಿಸುವುದು. ಅದನ್ನು ಬೆನ್ನಟ್ಟಿ ಹೋಗಿ ತುರುವನ್ನು ಮರಳಿಸಿ ಮಡಿದವರಿಗೆ ನಿಲ್ಲಿಸಿದ ವೀರಗಲ್ಲುಗಳು ನಾಡಿನ ಉದ್ದಗಲಕ್ಕೂ ಇವೆ. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ದೇವಲೋಕ, ಇದು ಅವುಗಳ ಸಾಮಾನ್ಯ ಕ್ರಮ. ಗಮಕಿಗಳು ವಿರಾಟಪರ್ವದ ಗೋಗ್ರಹಣವನ್ನು ವಾಚಿಸುವಾಗಲೂ ಸಭೆಯು ಬೃಹನ್ನಳೆಯ ರಥದ ಹಿಂದೆಯೇ ಓಡುತ್ತದೆ, ಗೋವುಗಳನ್ನು ಹಿಡಿದ ಕೌರವರ ಹಿಂದೆಯಲ್ಲ. ‘ಕಾಲು ಮುರೀತಿದ್ದೆ’ ಎಂದ ಚಾಲಕನು ಈ ಪರಂಪರೆಯವನೇ ಸರಿ.

ಆದರೆ ಕಥೆಯಲ್ಲಿ ಬೇರೊಂದು ಪರಂಪರೆಯೂ ಇದೆ. ‘ವಡ್ಡಾರಾಧನೆ’ಯಲ್ಲಿ ವಿದ್ಯುಚ್ಚೋರನ ಕಥೆಯುಂಟು. ವಿದ್ಯುತ್ತೆಂದರೆ ಮಿಂಚು, ಹೆಸರಿನಲ್ಲಿಯೇ ಮಿಂಚಿನ ಓಟವಿದೆ! ತಳಾರನಾದ ಯಮದಂಡನೂ ಇವನೂ ಬಾಲ್ಯದ ಸಹಪಾಠಿಗಳು. ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ಇರುಳು ಕಳವು ಮಾಡುತ್ತ, ಅರಸನ ಹಾರವನ್ನೇ ಅಪಹರಿಸಿ, ಸಿಕ್ಕಿಬಿದ್ದ ಮೇಲೆ ಎಷ್ಟು ದಂಡಿಸಿದರೂ ಬಾಯಿಬಿಡದ ಈತನು ಕಡೆಗೆ ದೀಕ್ಷೆಯನ್ನು ಕೈಕೊಂಡು ಉಪಸರ್ಗಗಳನ್ನು ಸಹಿಸುತ್ತಾನೆ. ಧರ್ಮಬೋಧೆಗೆಂದೇ ಬರೆದ ಗ್ರಂಥಕಾರನಾದರೂ ಕಳ್ಳನ ಚಾತುರ್ಯವನ್ನು ಸಂಕ್ಷೇಪಿಸಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಇನ್ನು ‘ಮೃಚ್ಛಕಟಿಕ’. ಪಾಠಶಾಲೆಯಲ್ಲಿ ಈ ರೂಪಕವನ್ನು ಓದುವಾಗ ವ್ಯಾಕರಣದಲ್ಲಿ ತೂಕಡಿಸುತ್ತಿದ್ದ ನಮ್ಮ ಸಹಪಾಠಿಗಳು ಮೂರನೆಯ ಅಂಕ ಬಂದೊಡನೆ ನೆಟ್ಟಗೆ ಕುಳಿತರು. ಶರ್ವಿಲಕನು ಕನ್ನ ಕೊರೆಯುವ ಮುನ್ನ ಕಾರ್ತಿಕೇಯನನ್ನು ವಂದಿಸುತ್ತಾನೆ. ಅರಳಿದ ಕಮಲ, ಸೂರ್ಯ, ಬಾಲಚಂದ್ರ, ಸ್ವಸ್ತಿಕ, ಪೂರ್ಣಕುಂಭ ಮೊದಲಾದ ಆಕಾರಗಳಲ್ಲಿ ಈ ಗೋಡೆಗೆ ಯಾವುದು ಒಪ್ಪುವುದೆಂದು ವಿಮರ್ಶಿಸುತ್ತಾನೆ. ಅಳತೆಯ ದಾರವನ್ನು ಮರೆತುಬಂದುದರಿಂದ ಯಜ್ಞೋಪವೀತದಿಂದಲೇ ಅಳೆಯುತ್ತಾನೆ. ಈತನು ಕದಿಯುವುದು ತನ್ನ ಪ್ರಿಯೆಯಾದ ಮದನಿಕೆಯನ್ನು ದಾಸ್ಯದಿಂದ ಬಿಡಿಸುವುದಕ್ಕೆ. ಆರನೆಯ ಅಂಕವಂತೂ ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. ಸೆರೆಯಿಂದ ತಪ್ಪಿಸಿಕೊಂಡ ಆರ್ಯಕನು ಕಾಲಿನ ಸಂಕೋಲೆಯೊಡನೆಯೇ ಚಾರುದತ್ತನ ಬಂಡಿಯನ್ನು ಏರುತ್ತಾನೆ. ಸಂಕೋಲೆಯ ಸದ್ದನ್ನು ವಸಂತಸೇನೆಯ ಕಾಲಂದುಗೆಯ ಸದ್ದೆಂದು ಬಗೆದು ಸಾರಥಿಯು ಎತ್ತುಗಳನ್ನು ಹೊಡೆಯುತ್ತಾನೆ. ದಾರಿಯಲ್ಲಿ ಕಾವಲಿನವರಿಬ್ಬರು ತಡೆಯುತ್ತಾರೆ. ಅವರಲ್ಲಿ ಚಂದನಕನು ಬಂಡಿಯೊಳಗೆ ನೋಡಿ ಆರ್ಯಕನಿಗೆ ಅಭಯವನ್ನೀಯುತ್ತಾನೆ. ಜೊತೆಗಾರನಾದ ವೀರಕನು ತಾನೂ ನೋಡಬೇಕೆಂದಾಗ, ಅವನನ್ನು ತಡೆಯುವುದಕ್ಕಾಗಿ ಚಂದನಕನು ಹೂಡುವ ಉಪಾಯಕ್ಕೆ ಕವಿಯು ಕೊಟ್ಟಿರುವ ಹೆಸರು ‘ಕರ್ಣಾಟಕಲಹ’! ನಮ್ಮವರ ಜಗಳಗಂಟಿತನವು ಉಜ್ಜಯಿನಿಯವರೆಗೂ ಪ್ರಸಿದ್ಧವಾಗಿದ್ದಿತೆಂದು ನಾಚಬೇಕೋ, ಪಲಾಯನದ ಪ್ರಸಂಗವೊಂದು ನಮ್ಮ ಹೆಸರಿನಿಂದ ಗೆದ್ದಿತೆಂದು ಹಿಗ್ಗಬೇಕೋ ತಿಳಿಯದು. ವಾಹನ, ಸೆರೆ, ತಪಾಸಣೆ, ಕೂದಲೆಳೆಯಲ್ಲಿ ಪಾರಾಗುವುದು, ಇವೆಲ್ಲವೂ ಇಲ್ಲಿವೆ. ಕೊರತೆಯೆಂದರೆ ವೇಗವೊಂದೇ, ಎತ್ತುಗಳಾದುದರಿಂದ.

ವೇಗವನ್ನು ಸಂಸ್ಕೃತ ರಂಗವು ಅಭಿನಯದಿಂದ ತೋರಿಸುತ್ತಿದ್ದಿತು. ಶಾಕುಂತಲದ ಮೊದಲನೆಯ ಅಂಕದಲ್ಲಿ ದುಷ್ಯಂತನ ರಥವು ಓಡುವುದಿಲ್ಲ. ನಟನು ರಥವೇಗವನ್ನು ನಿರೂಪಿಸುತ್ತಾನೆ, ಓಟವು ನೋಡುವವನ ಮನಸ್ಸಿನಲ್ಲಿ ನಡೆಯುತ್ತದೆ. ಚಲಚ್ಚಿತ್ರವು ಈ ಕೆಲಸವನ್ನು ತುಂಡುಗಳ ಜೋಡಣೆಯಿಂದ ಮಾಡುತ್ತದೆ. ಅಮೆರಿಕದಲ್ಲಿ 1903ರಷ್ಟು ಹಿಂದೆಯೇ ರೈಲು ದರೋಡೆಯ ಚಿತ್ರವೊಂದು ಬಂದು ಜನರನ್ನು ಮರುಳುಮಾಡಿತು. 1974ರಲ್ಲಿ ಅಲ್ಲಿಯೇ ಹ್ಯಾಲಿಕಿ ಎಂಬಾತನು ಕಾರುಗಳ್ಳರ ಚಿತ್ರವೊಂದರಲ್ಲಿ ತಾನೇ ಕಾರನ್ನು ಓಡಿಸಿ, ಬೆನ್ನಟ್ಟುವ ಭಾಗವನ್ನೇ ಸುಮಾರು 40 ನಿಮಿಷಗಳವರೆಗೆ ಎಳೆದನು. ಅದರಲ್ಲಿ 90ಕ್ಕೂ ಹೆಚ್ಚು ವಾಹನಗಳು ನುಚ್ಚುನೂರಾದವು. ಇಷ್ಟು ಲೋಹವನ್ನು ಒಡೆದು ಪಡೆದ ರಸವು ಆರ್ಯಕನ ಸಂಕೋಲೆಯ ಸದ್ದಿಗಿಂತ ಹೆಚ್ಚಿನದೇ ಎಂಬುದು ವಿಚಾರಾರ್ಹ.

ಈಗ ಸಿದ್ಧಾಂತಕ್ಕೆ ಬರೋಣ. ರಸಾನುಭವದಲ್ಲಿ ‘ಇದು ನನ್ನದು, ಇದು ಶತ್ರುವಿನದು, ಇದು ತಟಸ್ಥನದು’ ಎಂಬ ಭಾವನೆಗಳು ಅಳಿಯುವುವೆಂದು ಆಲಂಕಾರಿಕರು ಹೇಳುತ್ತಾರೆ; ಇದಕ್ಕೆ ಸಾಧಾರಣೀಕರಣವೆಂದು ಹೆಸರು. ಇದರ ಬಲದಿಂದ ನೋಡಿದರೆ ಕಳ್ಳನನ್ನು ಮೆಚ್ಚಿದ ಪ್ರೇಕ್ಷಕನು ಕಳವನ್ನು ಮೆಚ್ಚಿದಂತಾಗುವುದಿಲ್ಲ. ಆತನು ಆಸ್ವಾದಿಸಿದುದು ಉತ್ಸಾಹವನ್ನು, ಜಾಣ್ಮೆಯನ್ನು, ಸಿಕ್ಕಿಬೀಳುವನೋ ಎಂಬ ಭಯವನ್ನು. ಬಾಲಕರು ಕೆಡುವರೆಂಬ ಆಕ್ಷೇಪಕ್ಕೆ ಇದೇ ಸಮಾಧಾನ. ಮೂರನೆಯ ಅಂಕವನ್ನು ಓದಿದ ನಮ್ಮ ಸಹಪಾಠಿಗಳಲ್ಲಿ ಯಾರೂ ಕನ್ನಗಳ್ಳರಾಗಲಿಲ್ಲ. ಆದರೆ ಯಡಿಯೂರಿನ ಚಾಲಕನ ಮಾತು ಶಾಸ್ತ್ರಕ್ಕೆ ಒಂದು ತಿದ್ದುಪಡಿಯನ್ನು ಸೂಚಿಸುವಂತಿದೆ. ‘ನನ್ನದು’ ಎಂಬುದು ಎಲ್ಲೆಡೆಯೂ ಸಮನಾಗಿ ಅಳಿಯುವುದಿಲ್ಲ. ಕಾರಿನ ವಿಷಯದಲ್ಲಿ ಅದು ಸುಲಭವಾಗಿ ಅಳಿಯಿತು, ಏಕೆಂದರೆ ಮೊದಲೇ ಇರಲಿಲ್ಲ. ಆಟೋವಿನ ವಿಷಯದಲ್ಲಿ ಅಭಿನವಗುಪ್ತನೇ ಬಂದು ಹೇಳಿದರೂ ಆತನು ಒಪ್ಪುವಂತಿರಲಿಲ್ಲ. ವೀರಗಲ್ಲು ಬೆನ್ನಟ್ಟಿದವನಿಗೂ ಚಪ್ಪಾಳೆಯು ಓಡಿದವನಿಗೂ ಸಲ್ಲುವ ಭೇದವು ಇಲ್ಲಿಂದಲೇ ಹುಟ್ಟಿದುದೆಂದು ನನ್ನ ಅಭಿಪ್ರಾಯ.

ಯಡಿಯೂರಿಗೆ ಸಮೀಪವಾಗಿದ್ದ ನಂದಾ ಚಿತ್ರಮಂದಿರವು ಈಗಿಲ್ಲ. ಹೆಸರು ಮಾತ್ರ ರಸ್ತೆಗೆ ಉಳಿದಿದೆ. ಒಂದು ಕಾಲದಲ್ಲಿ ಹಳ್ಳಿಯಾಗಿದ್ದ ಇಲ್ಲಿ ಇಂದು ಮನೆಯ ಮುಂದೆ ಕಾರು ನಿಲ್ಲಿಸಲು ಸ್ಥಳವಿಲ್ಲದೆ ನೆರೆಹೊರೆಯವರಲ್ಲಿ ಕರ್ಣಾಟಕಲಹವು ನಿತ್ಯವೂ ನಡೆಯುತ್ತದೆ. ಶಂಕರನಾಗರು 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 35. ಅಂದು ನಿಮಗೆ ಸುದ್ದಿ ತಿಳಿದುದು ಹೇಗೆಂದು ಅದೇ ಚಾಲಕನನ್ನು ಕೇಳಿದೆನು. ಯಾರೋ ನಿಲ್ದಾಣಕ್ಕೆ ಬಂದು ಹೇಳಿದರೆಂದೂ, ಅಂದು ಮಧ್ಯಾಹ್ನ ತಾನು ಬಾಡಿಗೆಗೆ ಹೋಗಲಿಲ್ಲವೆಂದೂ ಹೇಳಿ, ಚಾಮರಾಜಪೇಟೆಯಲ್ಲಿ ನನ್ನನ್ನು ಇಳಿಸಿ, ಮೀಟರಿನ ಮೇಲೆ ಒಂದು ರೂಪಾಯಿಯನ್ನೂ ಕೇಳದೆ ಹೊರಟುಹೋದನು.