ಇಂಗ್ಲಿಷಿನ ಪಂಚಸ್ವರ ಪದಗಳು

ಇಂಗ್ಲಿಷ್ ವರ್ಣಮಾಲೆಯ ಸ್ವರಾಕ್ಷರಗಳು ಐದು: ಎ, ಇ, ಐ, ಓ, ಯು. ಈ ಐದೂ ಒಂದೇ ಪದದೊಳಗೆ ಕೂಡಿಬಂದರೆ ಅದನ್ನು ಪಂಚಸ್ವರ ಪದ ಎನ್ನಬಹುದು. ಐದೂ ತಲಾ ಒಂದೇ ಸಲ ಬಂದಿದ್ದರೆ ಇಂಗ್ಲಿಷ್ ಪದವಿನೋದಿಗಳು ಅದಕ್ಕೆ ‘ಸೂಪರ್‌ವೋಕ್ಯಾಲಿಕ್’ ಎಂಬ ಹೆಸರಿಟ್ಟಿದ್ದಾರೆ. ಎಜುಕೇಶನ್, ನ್ಯುಮೋನಿಯಾ, ಕಾಲಿಫ್ಲವರ್, ಡೈಲಾಗ್, ರೆಪ್ಯುಟೇಶನ್ ಮುಂತಾಗಿ ಕನ್ನಡಿಗರ ಮಾತಿನಲ್ಲೂ ಓಡಾಡುವ ಪದಗಳು ಈ ಗುಂಪಿನವೇ. ಕನ್ನಡ ಲಿಪಿಯಲ್ಲಿ ಬರೆದಾಗ ಈ ಗುಣ ಮರೆಯಾಗುತ್ತದೆ. ಇಂಗ್ಲಿಷ್ ಸ್ಪೆಲ್ಲಿಂಗನ್ನು ಒಂದೊಂದೇ ಅಕ್ಷರವಾಗಿ ಬಿಡಿಸಿದರೆ ಕಣ್ಣಿಗೆ ಬೀಳುತ್ತದೆ.

ಇಂಥ ಪದಗಳಲ್ಲಿ ಹೆಚ್ಚಿನವು ಲ್ಯಾಟಿನ್ ಮೂಲದವು, ಅವುಗಳಲ್ಲಿ ಬಹಳಷ್ಟು ಫ್ರೆಂಚ್ ಮೂಲಕ ಇಂಗ್ಲಿಷಿಗೆ ಇಳಿದವು. ಕಾರಣ ಪ್ರತ್ಯಯಗಳಲ್ಲಿದೆ. ‘ಶನ್’ ಎಂದು ಉಚ್ಚರಿಸುವ ಪದಾಂತ್ಯದ ಬರಹರೂಪದಲ್ಲಿ ಐ ಮತ್ತು ಓ ಅಕ್ಷರಗಳು ಸಿದ್ಧವಾಗಿಯೇ ಇರುತ್ತವೆ. ಗುಣವಾಚಕಗಳ ಕೊನೆಯ ‘ಇಯಸ್’ ಇನ್ನೂ ಉದಾರಿ: ಐ, ಓ, ಯು ಮೂರನ್ನೂ ಒಟ್ಟಿಗೆ ತರುತ್ತದೆ. ಧಾತುವಿನಲ್ಲಿ ಎ, ಇ ಇದ್ದುಬಿಟ್ಟರೆ ಲೆಕ್ಕ ಪೂರ್ತಿ. ಜರ್ಮಾನಿಕ್ ಮೂಲದ ಅಚ್ಚ ಇಂಗ್ಲಿಷ್ ಪದಗಳು ಸಾಮಾನ್ಯವಾಗಿ ಚಿಕ್ಕವು, ಅವಕ್ಕೆ ಈ ಅನುಕೂಲವಿಲ್ಲ. ಆದರೂ ಮನೆಗೆಲಸದವಳು ಎಂಬ ಅರ್ಥದ ‘ಹೌಸ್‌ಮೇಡ್’ ಎರಡು ಅಚ್ಚ ಇಂಗ್ಲಿಷ್ ಪದಗಳನ್ನು ಕೂಡಿಸಿಕೊಂಡೇ ಐದು ಸ್ವರಗಳನ್ನು ತುಂಬಿಸಿಕೊಂಡಿದೆ.

ಐದು ಸ್ವರಗಳೂ ವರ್ಣಮಾಲೆಯ ಕ್ರಮದಲ್ಲೇ ಸಾಲಾಗಿ ಬರುವ ಪದಗಳು ತೀರ ಕಡಿಮೆ. ಅವುಗಳಲ್ಲಿ ಹೆಸರಾದದ್ದು ‘ಫಸೀಶಸ್’. ಇದರ ಒಂಬತ್ತು ಅಕ್ಷರಗಳು ಎಫ್, ಎ, ಸಿ, ಇ, ಟಿ, ಐ, ಓ, ಯು, ಎಸ್. ಹಾಸ್ಯೋಕ್ತಿ ಎಂಬ ಅರ್ಥದ ಲ್ಯಾಟಿನ್ ಪದದಿಂದ ಬಂದ ಇದು ಹಿಂದೆ ನಯವಾದ ಚಾತುರ್ಯಕ್ಕೆ ಹೇಳುವ ಮೆಚ್ಚುಗೆಯ ಮಾತಾಗಿತ್ತು. ಈಗ ಗಂಭೀರವಾಗಿರಬೇಕಾದ ಕಡೆ ಹಗುರವಾಗಿ ಮಾತಾಡುವುದನ್ನು ಆಕ್ಷೇಪಿಸಲು ಬಳಕೆಯಾಗುತ್ತದೆ. ಇದರ ಜೊತೆಗಾರ, ಹತ್ತಕ್ಷರದ ‘ಆಬ್‌ಸ್ಟೀಮಿಯಸ್’. ದೂರ ಎಂಬರ್ಥದ ಲ್ಯಾಟಿನ್ ಉಪಸರ್ಗಕ್ಕೆ ‘ಟೆಮೇಟಮ್’, ಅಂದರೆ ಅಮಲೇರಿಸುವ ಮದ್ಯ, ಸೇರಿ ಆದ ಪದ. ಮೊದಲು ಮದ್ಯ ಮುಟ್ಟದವನಿಗೆ ಹೇಳುತ್ತಿದ್ದ ಈ ಗುಣವಾಚಕ ಇಂಗ್ಲಿಷಿನಲ್ಲಿ ಊಟ ಮತ್ತು ಪಾನ ಎರಡರಲ್ಲೂ ಹಿತಮಿತವಾಗಿರುವವರಿಗೆ ಹಬ್ಬಿತು. ಎರಡಕ್ಕೂ ಕ್ರಿಯಾವಿಶೇಷಣದ ‘ಲಿ’ ಹಚ್ಚಿದರೆ ಅರ್ಧಸ್ವರವಾದ ವೈ ಅಕ್ಷರವೂ ಕೊನೆಯಲ್ಲಿ ಬಂದು ಕೂರುತ್ತದೆ. ಇದೇ ಕ್ರಮದ ಉಳಿದವು ಶಾಸ್ತ್ರಗ್ರಂಥಗಳ ಪದಗಳು: ಆರ್ಸೆನಿಕ್ ಇರುವ ಸಂಯುಕ್ತಗಳಿಗೆ ‘ಆರ್ಸೀನಿಯಸ್’, ಎರೆಹುಳುವಿನ ವರ್ಗಕ್ಕೆ ಸೇರಿದವಕ್ಕೆ ‘ಅನೆಲಿಡಸ್’, ನೀಲಿ ಬೆರೆತ ಬೂದುಬಣ್ಣಕ್ಕೆ ಸಸ್ಯಶಾಸ್ತ್ರಜ್ಞರು ಬಳಸುವ ‘ಸೀಸಿಯಸ್’.

ಕ್ರಮ ತಿರುಗಿಸಿ ಯು, ಓ, ಐ, ಇ, ಎ ಎಂದು ನಡೆದರೆ ಉದ್ದದ ಪದಗಳು ಸಿಗುತ್ತವೆ. ಹದಿನಾಲ್ಕು ಅಕ್ಷರದ ‘ಸಬ್‌ಕಾಂಟಿನೆಂಟಲ್’ ಅವುಗಳಲ್ಲೊಂದು. ಉಪಖಂಡಕ್ಕೆ ಸಂಬಂಧಿಸಿದ್ದು ಎಂಬುದು ಅರ್ಥ, ರೂಢಿಯಲ್ಲಿ ಅದು ಸೂಚಿಸುವುದು ನಮ್ಮ ಭಾರತ ಉಪಖಂಡವನ್ನೇ. ಹದಿನೈದು ಅಕ್ಷರದ ‘ಅನ್‌ಕಾಂಪ್ಲಿಮೆಂಟರಿ’ ಎಂದರೆ ಮೆಚ್ಚುಗೆಯಿಲ್ಲದ, ಹೀಗಳೆಯುವ ಮಾತು.

ಯಾವ ಅಕ್ಷರವೂ ಎರಡನೆಯ ಸಲ ಬರಬಾರದೆಂಬ ಷರತ್ತನ್ನೂ ಸೇರಿಸಿದರೆ ಬಲೆ ಇನ್ನಷ್ಟು ಬಿಗಿಯಾಗುತ್ತದೆ. ಈ ಪರೀಕ್ಷೆಯಲ್ಲಿ ಗೆಲ್ಲುವ ಅತ್ಯಂತ ಸೊಗಸಾದ ಪದವೆಂದರೆ ‘ಅನ್‌ಕಾಪಿರೈಟಬಲ್’. ಅಕ್ಷರಗಳು ಹದಿನೈದು, ಹದಿನೈದೂ ಬೇರೆಬೇರೆ, ಐದು ಸ್ವರಗಳ ಜೊತೆಗೆ ವೈ ಕೂಡ ಇದೆ. ಯಾರೂ ಕೃತಿಸ್ವಾಮ್ಯ ಪಡೆಯಲಾಗದ್ದು ಎಂಬ ಅರ್ಥದ ಈ ಪದ ಬರಿಯ ಸಂಗತಿಗಳಿಗೂ ವಿಚಾರಗಳಿಗೂ ಸರಿಯಾಗಿ ಒಪ್ಪುತ್ತದೆ. ಅಷ್ಟೇ ಉದ್ದದ ‘ಡರ್ಮಟೊಗ್ಲಿಫಿಕ್ಸ್’, ಅಂದರೆ ಬೆರಳು ಮತ್ತು ಅಂಗೈಯ ಚರ್ಮರೇಖೆಗಳ ಅಧ್ಯಯನ, ಹೆರಾಲ್ಡ್ ಕಮಿನ್ಸ್ 1926ರಲ್ಲಿ ಕೊಟ್ಟ ಹೆಸರು. ಅದರಲ್ಲೂ ಯಾವ ಅಕ್ಷರ ಮರುಕಳಿಸದು, ಆದರೆ ಯು ಇಲ್ಲದ್ದರಿಂದ ಪಂಚಸ್ವರ ಪಟ್ಟಿಯಿಂದ ಹೊರಗುಳಿಯುತ್ತದೆ. ಎರಡೂ ಕೈಗಳಿಂದ ಸಮಾನ ನೈಪುಣ್ಯದಲ್ಲಿ ಎಂಬರ್ಥದ ‘ಆಂಬಿಡೆಕ್ಸ್‌ಟ್ರಸ್ಲಿ’ ಹದಿನಾಲ್ಕು ಅಕ್ಷರಗಳಲ್ಲಿ ಎರಡು ಷರತ್ತನ್ನೂ ಪೂರೈಸುತ್ತದೆ.

ಒಂದೇ ಅಕ್ಷರಗಳನ್ನು ಹಂಚಿಕೊಂಡ ಪದಗಳೂ ಇಲ್ಲಿವೆ. ‘ಎಜುಕೇಶನ್’ ಪದದ ಒಂಬತ್ತು ಅಕ್ಷರಗಳನ್ನು ಕಲಸಿ ಜೋಡಿಸಿದರೆ ಹರಾಜಾಯಿತು ಎಂಬರ್ಥದ ‘ಆಕ್ಷನ್ಡ್’ ಆಗುತ್ತದೆ, ಎಚ್ಚರಿಕೆ ಕೊಟ್ಟರು ಎಂಬರ್ಥದ ‘ಕಾಷನ್ಡ್’ ಆಗುತ್ತದೆ. ಮೂರು ಪದಗಳ ಬೇರು ಬೇರೆಬೇರೆ, ಅಕ್ಷರಗಳು ಮಾತ್ರ ಒಂದೇ.

ಚಿಕ್ಕ ಪದಗಳಲ್ಲಿ ಏಳಕ್ಷರದ ‘ಸಿಕ್ವೋಯಾ’ ಪ್ರಸಿದ್ಧ. ಕ್ಯಾಲಿಫೋರ್ನಿಯಾದ, ನೂರು ಮೀಟರಿಗೂ ಮೀರಿ ಬೆಳೆಯುವ ಕೆಂಪುಮರದ ಕುಲಕ್ಕೆ ಆಸ್ಟ್ರಿಯಾದ ಸಸ್ಯವಿಜ್ಞಾನಿ ಎಂಡ್ಲಿಕರ್ 1847ರಲ್ಲಿ ಇಟ್ಟ ಹೆಸರಿದು. ಚೆರೋಕಿ ಭಾಷೆಗೆ ಲಿಪಿ ಕಟ್ಟಿಕೊಟ್ಟ ಸಿಕ್ವೋಯಾ ಅವರ ಗೌರವಾರ್ಥ ಈ ಹೆಸರು ಬಂತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಂಗ್ಲಿಷ್ ಓದಲು ಬಾರದ ಅವರು 1821ರ ಸುಮಾರಿಗೆ ಎಂಬತ್ತಕ್ಕೂ ಹೆಚ್ಚು ಅಕ್ಷರಗಳ ಲಿಪಿಯನ್ನು ಪೂರ್ತಿಗೊಳಿಸಿದ್ದರು. ಆರಕ್ಷರದ ‘ಯುನೋಯಾ’ ಇನ್ನೂ ಚಿಕ್ಕದು, ಇದರಲ್ಲಿ ಎನ್ ಒಂದೇ ವ್ಯಂಜನ. ಗ್ರೀಕಿನಲ್ಲಿ ಸದ್ಭಾವನೆ ಎಂಬ ಅರ್ಥವುಳ್ಳ ಈ ಪದವನ್ನು ಕೆನಡಾದ ಕವಿ ಕ್ರಿಶ್ಚಿಯನ್ ಬೊಕ್ ತಮ್ಮ 2001ರ ಕೃತಿಗೆ ಶೀರ್ಷಿಕೆಯಾಗಿಸಿದರು. ಆ ಪುಸ್ತಕದ ಐದು ಅಧ್ಯಾಯಗಳಲ್ಲಿ ಒಂದೊಂದೂ ಒಂದೇ ಸ್ವರಾಕ್ಷರವಿರುವ ಪದಗಳಿಂದಲೇ ಕಟ್ಟಿದ್ದು.

ಪದವಿನೋದವನ್ನು ಶ್ರದ್ಧೆಯ ಅಧ್ಯಯನವಾಗಿಸಿದವರಲ್ಲಿ ಡಿಮಿಟ್ರಿ ಬೋರ್ಗ್‌ಮನ್ ಪ್ರಮುಖರು. ಅವರ ‘ಲ್ಯಾಂಗ್ವೇಜ್ ಆನ್ ವೆಕೇಶನ್’ 1965ರಲ್ಲಿ ಹೊರಬಂತು. 1968ರಲ್ಲಿ ‘ವರ್ಡ್ ವೇಸ್’ ಎಂಬ ನಿಯತಕಾಲಿಕವೂ ಆರಂಭವಾಯಿತು. ಅಮೆರಿಕದ ನ್ಯಾಷನಲ್ ಪಜ್ಲರ್ಸ್ ಲೀಗ್ 1883ರಷ್ಟು ಹಳೆಯದು.

ಈ ಆಟ ಕಣ್ಣಿಗೆ ಸೇರಿದ್ದು, ಕಿವಿಗಲ್ಲ. ‘ಫಸೀಶಸ್’ ಎಂದು ಉಚ್ಚರಿಸಿದಾಗ ಕೇಳಿಸುವುದು ಮೂರೇ ಸ್ವರಧ್ವನಿ. ಬ್ರಿಟಿಷ್ ಇಂಗ್ಲಿಷಿನ ಸುಮಾರು ಇಪ್ಪತ್ತು ಸ್ವರಧ್ವನಿಗಳ ಹೊರೆಯನ್ನು ಐದೇ ಅಕ್ಷರಗಳು ಹೊತ್ತಿರುವುದರಿಂದ ಬರಹಕ್ಕೂ ಉಚ್ಚಾರಕ್ಕೂ ಇಷ್ಟು ಅಂತರ. ನಮ್ಮ ಪರಂಪರೆಯ ಅಕ್ಷರನಿಯಮಗಳು ಧ್ವನಿಯ ಮೇಲೆ ನಿಂತಿವೆ. ದಂಡಿ ತನ್ನ ಕಾವ್ಯಾದರ್ಶದಲ್ಲಿ ಸ್ವರಗಳ, ಉಚ್ಚಾರಣಾ ಸ್ಥಾನಗಳ ಮತ್ತು ವರ್ಣಗಳ ನಿಯಮವನ್ನು ದುಷ್ಕರ ರಚನೆಗಳಲ್ಲಿ ಎಣಿಸಿದ್ದಾನೆ. ಕನ್ನಡದ ಕವಿರಾಜಮಾರ್ಗಕ್ಕೆ ಮುಖ್ಯ ಆಧಾರವಾದದ್ದು ಆ ಗ್ರಂಥವೇ. ಅವನದೇ ದಶಕುಮಾರಚರಿತದಲ್ಲಿ ಪ್ರಿಯೆಯ ದಂತಕ್ಷತದಿಂದ ತುಟಿ ನೋಯುತ್ತಿದ್ದ ಮಂತ್ರಗುಪ್ತ ಪ, ಬ, ಮ ಮೊದಲಾದ ಓಷ್ಠ್ಯಗಳಿಲ್ಲದೆ ತನ್ನ ಕಥೆಯನ್ನೆಲ್ಲ ಹೇಳುತ್ತಾನೆ. ಕನ್ನಡದ ಅವಧಾನಗಳಲ್ಲಿ ನಿಷೇಧಾಕ್ಷರಿ ಇಂದಿಗೂ ನಡೆಯುತ್ತಿದೆ. ಅವಧಾನಿ ಪದ್ಯ ಕಟ್ಟುತ್ತಿರುವಾಗ ಪೃಚ್ಛಕ ಮುಂದಿನ ಅಕ್ಷರವನ್ನು ಊಹಿಸಿ ನಿಷೇಧಿಸುತ್ತಾ ಹೋಗುತ್ತಾನೆ, ಅವಧಾನಿ ಅಲ್ಲಿಂದಲೇ ಬೇರೆ ದಾರಿ ಹಿಡಿಯಬೇಕು.

ಪಂಚಸ್ವರ ಪಟ್ಟಿ ಎಲ್ಲ ದೇಶಗಳಲ್ಲೂ ಒಂದೇ ಅಲ್ಲ. ನಡವಳಿಕೆ ಎಂಬರ್ಥದ ‘ಬಿಹೇವಿಯರ್’, ಅಚ್ಚುಮೆಚ್ಚಿನ ಎಂಬರ್ಥದ ‘ಫೇವರಿಟ್’ ಎರಡರಲ್ಲೂ ಬ್ರಿಟಿಷ್ ಸ್ಪೆಲ್ಲಿಂಗಿನಂತೆ ಐದು ಸ್ವರಗಳಿವೆ. ಅಮೆರಿಕನ್ನರು ನೋವಾ ವೆಬ್‌ಸ್ಟರ್‌ನ 1828ರ ನಿಘಂಟಿನ ದಾರಿಯಲ್ಲಿ ಯು ಅಕ್ಷರವನ್ನು ಕೈಬಿಟ್ಟಿದ್ದರಿಂದ ಅಲ್ಲಿ ನಾಲ್ಕೇ. ಕರ್ನಾಟಕದ ಶಾಲೆಗಳು ಬ್ರಿಟಿಷ್ ರೂಢಿಯನ್ನು ಕಲಿಸುವುದರಿಂದ ಇಲ್ಲಿನ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಈ ಎರಡು ಪದಗಳೂ ಐದು ಸ್ವರಗಳನ್ನು ಉಳಿಸಿಕೊಂಡಿವೆ.